ನಾಲ್ಕೂರಿನ ಸರೋಜಾ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರಿನಲ್ಲಿ ಒಂದೇ ಹೊತ್ತಿಗೆ ಕುಳಿತು ಕೆಲಸ ಮಾಡಿದ ಹೆಂಗಸನ್ನು ನಾನು ಬಲ್ಲೆ. ಹತ್ತು ವರ್ಷ ಅವಳು ಒಂದು ದಿನವೂ ರಜೆ ಹಾಕಿಲ್ಲ. ತಂದೆ ತೀರಿಕೊಂಡಾಗ ಮಣ್ಣಿಗೆಂದು ಯಲವಿಗಿಗೆ ಹೋಗಿದ್ದಳಲ್ಲ, ಆ ದಿನ ಸಹ ಹಿರೇಕೆರೂರಿನಲ್ಲಿ ಎಪ್ಪತ್ತೆರಡು ಚೀಲ ಮೆಕ್ಕೆಜೋಳದ ಬೀಜ ದಾಖಲು ಮಾಡಿದ್ದಾಳೆ. ನಂಬಿಕೆ ಬರದಿದ್ದರೆ ನಮ್ಮ ಸಂಘದ ಕಂಪ್ಯೂಟರನ್ನೇ ಕೇಳಿರಿ. ಅದು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಿದವರು ನಾವು.

ನಾನು ಗುದ್ಲೆಪ್ಪ. ಬೀಜ ಬೆಳೆಗಾರರ ಸಂಘದ ಸವಣೂರು ಶಾಖೆಯ ಗೋದಾಮು ನೋಡಿಕೊಳ್ಳುತ್ತೇನೆ, ಇಪ್ಪತ್ತಾರು ವರ್ಷವಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿಯಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ. ಇಲಿ, ನುಸಿ, ಹಮಾಲರು, ರೈತರು, ಈ ನಾಲ್ವರ ನಡುವೆ ಸಿಟ್ಟಿಲ್ಲದವನು ಗೋದಾಮು ಕಾಯಲಾರ. ಆದರೆ ಈಗ ಹೇಳಹೊರಟಿರುವುದು ನನ್ನ ಸುದ್ದಿಯಲ್ಲ, ಸರೋಜವ್ವನದು.

ಸರೋಜವ್ವ ನಮ್ಮಲ್ಲಿಗೆ ಬಂದದ್ದು ಬೀಜ ಆರಿಸುವ ಕೂಲಿಗೆ. ತವರು ಯಲವಿಗಿ, ಸ್ಟೇಶನ್ನಿನ ಹಿಂದಿನ ಓಣಿ. ಕೊಟ್ಟದ್ದು ಸವಣೂರಿಗೆ. ಗಂಡ ಎಲೆಬಳ್ಳಿ ತೋಟದಲ್ಲಿ ಎಲೆ ಕೊಯ್ಯುವವನು, ಮಾತು ಬಹಳ ಕಡಿಮೆ. ಅವನ ಪಾಲಿನದನ್ನೂ ಇವಳೇ ಆಡಿ ಮುಗಿಸುತ್ತಿದ್ದಳು. ಹತ್ತನೇ ಇಯತ್ತೆಯಲ್ಲಿ ಗಣಿತ ಕೈಕೊಟ್ಟಿತ್ತು. ಅಂಥವಳಿಗೆ ನಮ್ಮ ಸಂಘ ಎಣಿಸುವ ಕೆಲಸ ಕೊಟ್ಟಿತು. ಹಸಿ ಟವೆಲ್ಲಿನ ಮೇಲೆ ನೂರು ಬೀಜ ಸಾಲಾಗಿ ಇಟ್ಟು ಸುರುಳಿ ಸುತ್ತಬೇಕು, ಏಳನೇ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡಬೇಕು. ತೊಂಬತ್ತಕ್ಕೆ ಮುಟ್ಟಿದರೆ ಆ ಬೀಜ ಹೊಲಕ್ಕೆ, ಇಲ್ಲದಿದ್ದರೆ ಕೋಳಿಯ ಹೊಟ್ಟೆಗೆ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಅವಳ ಎಣಿಕೆಯ ಮೇಲೆ ಸಂಶಯಪಟ್ಟರು. ಸರೋಜವ್ವ ವಿನಯದಿಂದ ಟವೆಲ್ಲನ್ನು ಅವರ ಮುಂದೆಯೇ ಹಾಸಿದಳು. ಅವರು ಎಣಿಸುತ್ತಿದ್ದಂತೆ ಚಹಾ ಇಡುವ ನೆಪದಲ್ಲಿ ಬಗ್ಗಿ, ಮುಷ್ಟಿಯಲ್ಲಿದ್ದ ಮೊಳಕೆಗಳನ್ನು ಎರಡೆರಡೇ ಸೇರಿಸುತ್ತ ಹೋದಳು. ಮೂರು ಸಲ ಎಣಿಸಿದರೆ ಮೂರು ಲೆಕ್ಕ. ನಾಲ್ಕನೆಯದನ್ನು ತಾನು ಹೇಳಲೇ ಎಂದು ಕೇಳಿದಳಂತೆ. ಸಾಹೇಬರು ಬೆವರು ಒರೆಸಿಕೊಂಡು, ಇಲ್ಲಿನ ಎಣಿಕೆ ಅತ್ಯುತ್ತಮವಾಗಿದೆ ಎಂದು ಪುಸ್ತಕದಲ್ಲಿ ಬರೆದು ಹೋದರು.

ಹತ್ತು ವರ್ಷದ ಹಿಂದೆ ನಾಲ್ಕೂ ಶಾಖೆಗೆ ಒಂದೊಂದು ಸರ್ವರ್ ಬಂತು. ಲಿನಕ್ಸ್ ಹಾಕಿದ ಕರಿ ಪೆಟ್ಟಿಗೆ. ಯಾರು ಕಲಿಯುತ್ತೀರಿ ಎಂದು ಕಲಿಸಲು ಬಂದವನು ಕೇಳಿದಾಗ ನಾವೆಲ್ಲ ಫ್ಯಾನ್ ನೋಡುತ್ತ ಕುಳಿತೆವು. ಪೆಟ್ಟಿಗೆಯ ಧೂಳು ಒರೆಸಲು ಬಂದಿದ್ದ ಸರೋಜವ್ವ ಖಾಲಿ ಕುರ್ಚಿ ಕಂಡು ಕುಳಿತುಬಿಟ್ಟಳು. ಒಂದು ವಾರದಲ್ಲಿ ಕಲಿತಳು. ಆ ಮನುಷ್ಯ ನಾಲ್ಕೂ ಪೆಟ್ಟಿಗೆಯಲ್ಲಿ ‘ಸರೋಜಾ’ ಎಂಬ ಹೆಸರು ಬರೆದು ಹೋದ. ಆಮೇಲೆ ಉಳಿದ ಹದಿನೆಂಟು ಮಂದಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಚೀಟಿ ಬಂದವು. ಚೀಟಿಗಳು ಎಲೆ ಅಡಿಕೆ ಸುತ್ತಲಿಕ್ಕೆ ಬಹಳ ಅನುಕೂಲವಾದವು.

ನಮ್ಮ ಓಣಿಗಳ ರೂಢಿ ನಿಮಗೆ ಗೊತ್ತಿರಬೇಕು. ಮನೆಗೆ ಕೀಲಿ ಹಾಕಿದರೆ ಕೀಲಿಕೈ ಬಾಗಿಲ ಪಕ್ಕದ ಗೂಡಿನಲ್ಲಿರುತ್ತದೆ, ಅದು ಅಲ್ಲಿದೆ ಎಂದು ಅಕ್ಕಪಕ್ಕದವರಿಗೆಲ್ಲ ತಿಳಿದಿರುತ್ತದೆ. ಜಾಗ ಬದಲಿಸಿದರೆ ಹೇಳಬೇಕು, ಹೇಳದಿದ್ದರೆ ಅದು ಅವಮಾನ. ಸರೋಜವ್ವನ ಪಾಸ್‌ವರ್ಡಿಗೂ ಅದೇ ಕಾನೂನು. ಹಾನಗಲ್ಲಿನಲ್ಲಿ ಅದನ್ನು ಕಪಾಟಿನ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಬರೆದಿದ್ದರು. ಹಿರೇಕೆರೂರಿನಲ್ಲಿ ಗೋಡೆ ಗಡಿಯಾರದ ಕೆಳಗೆ. ನಾನು ನನ್ನ ತಂಬಾಕಿನ ಡಬ್ಬಿಯ ಮುಚ್ಚಳದ ಒಳಗೆ ಗೀರಿಕೊಂಡಿದ್ದೆ. ಮೂರು ತಿಂಗಳಿಗೊಮ್ಮೆ ಪೆಟ್ಟಿಗೆ ಹೊಸ ಪಾಸ್‌ವರ್ಡ್ ಕೇಳಿದಾಗ ಅವಳು ಮೂರೂ ಊರಿಗೆ ಫೋನ್ ಹಚ್ಚಿ, ಕೀಲಿಕೈ ಇಟ್ಟ ಜಾಗ ಬದಲಾಗಿದೆ ಎಂದು ತಿಳಿಸುತ್ತಿದ್ದಳು. ಹೀಗೆ ಹತ್ತು ವರ್ಷ ನಾವು ಹತ್ತೊಂಬತ್ತು ಮಂದಿ ಸರೋಜಾ ಆಗಿದ್ದೆವು. ಅದರಲ್ಲಿ ಹದಿಮೂರು ಮಂದಿಗೆ ಮೀಸೆಯಿತ್ತು.

ಹೋದ ಮುಂಗಾರಿಗೆ ಎಡವಟ್ಟಾಯಿತು. ಹದಿನಾಲ್ಕನೇ ನಂಬರಿನ ಬೀಜ ಹಿರೇಕೆರೂರಿನ ಕಡೆ ನಲವತ್ತು ಮಂದಿಯ ಹೊಲಕ್ಕೆ ಹೋಗಿತ್ತು. ಸಾಲಿನಲ್ಲಿ ನಾಲ್ಕು ಹುಟ್ಟಿದರೆ ಮೂರು ಬೋಳು. ಸಂಘ ತಕ್ಷಣ ಬೇರೆ ಬೀಜ ಕೊಟ್ಟು ಮರುಬಿತ್ತನೆ ಮಾಡಿಸಿತು, ಬೆಳೆ ಉಳಿಯಿತು. ಮರ್ಯಾದೆ ಉಳಿಯಲಿಲ್ಲ. ಕಂಪ್ಯೂಟರ್ ತೆಗೆದು ನೋಡಿದರೆ ಆ ಬೀಜದ ಮೊಳಕೆ ನೂರಕ್ಕೆ ತೊಂಬತ್ತೊಂದು ಎಂದಿತ್ತು. ದಾಖಲು ಮಾಡಿದವರ ಹೆಸರು ಸರೋಜಾ.

ತಾನು ಎಣಿಸಿದ್ದು ಅರವತ್ತೊಂದು ಎಂದಳು ಸರೋಜವ್ವ. ಆ ವಾರ ಸವಣೂರಿನಲ್ಲಿ ಯಾರೋ ರಸ್ತೆ ಅಗೆಯುವಾಗ ಕೇಬಲ್ ಕಡಿದು ಐದು ದಿನ ನೆಟ್ ಇರಲಿಲ್ಲ. ಅದಕ್ಕೆ ಕಾಗದದಲ್ಲಿ ಬರೆದು, ಬಸ್ಸಿನ ಕಂಡಕ್ಟರನ ಕೈಲಿ ಶಿಗ್ಗಾವಿಯ ಮುಖ್ಯ ಕಚೇರಿಗೆ ಕಳಿಸಿದ್ದಳು, ಅಲ್ಲಿ ಯಾರೋ ದಾಖಲು ಮಾಡಿರಬೇಕು. ಕಾರ್ಯದರ್ಶಿ ಉಳವಪ್ಪನವರು ಅಂಥ ಕಾಗದವೇ ಬಂದಿಲ್ಲ ಎಂದರು. ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ದುಡಿದವಳನ್ನು ಕಾಯಂ ಮಾಡುವ ಫೈಲು ಆಗ ನಿರ್ದೇಶಕರ ಮೇಜಿನ ಮೇಲಿತ್ತು. ಆ ಫೈಲಿನ ಮೇಲೆಯೇ ಉಳವಪ್ಪನವರು ಇನ್ನೊಂದು ಕಾಗದ ಇಟ್ಟರು, ಸುಳ್ಳು ವರದಿ ಬರೆದವಳನ್ನು ತೆಗೆದುಹಾಕಬೇಕೆಂದು. ನೌಕರಿಯ ಜೊತೆಗೆ ಹೆಸರೂ ಹೋಗುವುದರಲ್ಲಿತ್ತು. ನಲವತ್ತು ಹೊಲ ಬೋಳು ಮಾಡಿದವಳು ಎಂದು ಸಂತೆಯಲ್ಲಿ ಬೆರಳು ತೋರಿಸುತ್ತಾರೆ.

ಎಲ್ಲರೂ ಅವಳ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದೆವಲ್ಲ ಎನ್ನುತ್ತೀರಿ. ಉಳವಪ್ಪನವರು ಅದಕ್ಕೂ ಒಂದು ಕಾಗದ ತಯಾರಿಸಿದ್ದರು. ನಾನು ನನ್ನ ಸ್ವಂತ ಹೆಸರಿನಿಂದಷ್ಟೇ ಕೆಲಸ ಮಾಡುತ್ತೇನೆ, ಸರೋಜವ್ವನ ಪಾಸ್‌ವರ್ಡ್ ನನಗೆ ತಿಳಿಯದು ಎಂದು ಅದರಲ್ಲಿತ್ತು. ಸಹಿ ಮಾಡದವರು ನಿಯಮ ಮುರಿದವರಾಗುತ್ತಾರೆ, ಅವಳ ಜೊತೆಗೇ ಮನೆಗೆ ಹೋಗುತ್ತಾರೆ ಎಂಬ ಮಾತನ್ನು ಬಾಯಿಮಾತಿನಲ್ಲಿ ಮುಟ್ಟಿಸಿದ್ದರು. ಹದಿನೆಂಟು ಮಂದಿ ಸಹಿ ಹಾಕಿದೆವು. ಹನ್ನೊಂದನೆಯದು ನನ್ನದು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು, ಹೆದರಿದೆ. ಆ ಮಧ್ಯಾಹ್ನ ಸರೋಜವ್ವ ದಿನದಂತೆ ತನ್ನ ಪೊಟ್ಟಣದ ಖಾರಾದಲ್ಲಿ ಅರ್ಧ ನನ್ನ ಮುಂದೆ ಸುರಿದಳು. ನಾನು ಮುಟ್ಟದೆ ಎದ್ದು ಹೋದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಗದ್ದಲದ ನಂತರ, ಇನ್ನು ಮೇಲಾದರೂ ಯಾರು ಏನು ಮಾಡುತ್ತಾರೆಂದು ತಿಳಿಯಲಿ ಎಂದು ನಿರ್ದೇಶಕರು ಶ್ವೇತಾಳನ್ನು ಕರೆಸಿದರು. ಹಾನಗಲ್ಲಿನವಳು, ಹುಬ್ಬಳ್ಳಿಯಲ್ಲಿ ಸರ್ವರ್ ಕೆಲಸದ ಸ್ವಂತ ಕಂಪನಿ ನಡೆಸುತ್ತಾಳೆ, ಮಾತು ಚುಟುಕು. ಇಷ್ಟು ದಿನ ಒಂದೊಂದು ಊರಿನ ಪೆಟ್ಟಿಗೆಯೂ ತನ್ನದೇ ಹಾಜರಿ ಪುಸ್ತಕ ಇಟ್ಟುಕೊಂಡಿತ್ತು, ಇನ್ನು ಹಾಗಿಲ್ಲ ಎಂದು ವಿವರಿಸಿದಳು. ಪುಸ್ತಕ ಒಂದೇ, ಅದು ಶಿಗ್ಗಾವಿಯಲ್ಲಿ. ಹಾನಗಲ್ಲಿನಲ್ಲಿ ಯಾರಾದರೂ ಹೆಸರು, ಪಾಸ್‌ವರ್ಡ್ ಹೊಡೆದರೆ ಅಲ್ಲಿನ ಪೆಟ್ಟಿಗೆ ಶಿಗ್ಗಾವಿಯನ್ನು ಕೇಳುತ್ತದೆ, ಇವನು ಅವನೇ ಹೌದೇ ಎಂದು. ಶಿಗ್ಗಾವಿ ಹೂಂ ಅಂದರೆ ಬಾಗಿಲು ತೆರೆಯುತ್ತದೆ. ಕೇಳಿದ್ದೆಲ್ಲ ಬರಹದಲ್ಲಿ ಉಳಿಯುತ್ತದೆ, ಯಾವ ಊರು, ಯಾವ ಟೇಬಲ್ಲು, ಎಷ್ಟು ಹೊತ್ತಿಗೆ ಎಂದು. ಶಿಗ್ಗಾವಿಯ ಲೈನ್ ಹೋದರೆ ಇರಲಿ ಎಂದು ಆ ಪುಸ್ತಕದ ಇನ್ನೊಂದು ಪ್ರತಿ ಸವಣೂರಿನಲ್ಲಿ.

ಮೂರು ಊರು ಸಲೀಸಾಗಿ ಕೂಡಿಕೊಂಡವು. ಹಿರೇಕೆರೂರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಶ್ವೇತಾ ಎರಡು ದಿನ ತಂತಿ ಎಳೆದಳು, ಪೆಟ್ಟಿಗೆ ಬಿಚ್ಚಿದಳು. ಕಡೆಗೆ ಗೊತ್ತಾದದ್ದು ಏನೆಂದರೆ, ಅಲ್ಲಿನ ಗುಮಾಸ್ತೆ ಗುಲ್ನಾರ ಸಂಜೆ ಐದೂವರೆಯ ಹಾವೇರಿ ಬಸ್ಸು ತಪ್ಪಬಾರದೆಂದು ಪೆಟ್ಟಿಗೆಯ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟಿದ್ದಳು. ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇರುವ ಪೆಟ್ಟಿಗೆಯನ್ನು ಹೊಸ ವ್ಯವಸ್ಥೆ ನಂಬುವುದಿಲ್ಲವಂತೆ. ಗಡಿಯಾರ ಸರಿಮಾಡಿದ ದಿನವೇ ಗುಲ್ನಾರಳಿಗೆ ಬಸ್ಸು ತಪ್ಪಿತು.

ಈ ಓಡಾಟದಲ್ಲಿ ಶ್ವೇತಾ ಹಳೆಯ ಪೆಟ್ಟಿಗೆಗಳನ್ನೂ ನೋಡಿದ್ದಳು. ಹತ್ತೊಂಬತ್ತು ಹೆಸರುಗಳಲ್ಲಿ ಹದಿನೆಂಟರ ಮುಂದೆ, ಈ ವ್ಯಕ್ತಿ ಎಂದೂ ಒಳಗೆ ಬಂದಿಲ್ಲ ಎಂದಿತ್ತು. ಅದನ್ನು ಉಳವಪ್ಪನವರ ಮುಂದೆ ಹಿಡಿದರೆ, ಹೊಸದನ್ನು ಹಾಕಲು ಬಂದವರಿಗೆ ಹಳೆಯದರ ಪಂಚಾಯಿತಿ ಯಾಕೆ, ಹದಿನೆಂಟು ಸಹಿ ಇವೆ, ಯಂತ್ರಕ್ಕೆ ಏನು ತಿಳಿಯುತ್ತದೆ ಎಂದರು. ಸರೋಜಾ ತೊಂಬತ್ತೊಂದು ಬರೆದಳು ಎಂದದ್ದೂ ಅದೇ ಯಂತ್ರ. ಅದಕ್ಕೆ ಮಾತ್ರ ತಿಳಿವಳಿಕೆ ಇತ್ತು! ಆ ದಿನ ಯಾವ ಟೇಬಲ್ಲಿನಿಂದ ಬರೆದದ್ದೆಂದು ಹೇಳಬಹುದಾಗಿದ್ದ ಹಳೆಯ ದಾಖಲೆ ತಿಂಗಳಿಗೊಮ್ಮೆ ತಾನಾಗಿಯೇ ಅಳಿದುಹೋಗುತ್ತಿತ್ತು.

ಪುಸ್ತಕದ ಪ್ರತಿ ಇಡಲು ಸವಣೂರಿಗೆ ಬಂದಾಗ ಶ್ವೇತಾ ಇದನ್ನೆಲ್ಲ ಸರೋಜವ್ವನಿಗೆ ಹೇಳಿದಳು. ನಾನು ಬಾಗಿಲಲ್ಲಿ ಚೀಲ ಎಣಿಸುವ ನೆಪದಲ್ಲಿ ನಿಂತಿದ್ದೆ. ಸರೋಜವ್ವ ಎಲೆಗೆ ಸುಣ್ಣ ಹಚ್ಚುತ್ತ ಒಂದೇ ಪ್ರಶ್ನೆ ಕೇಳಿದಳು. ಹೊಸದರಲ್ಲಿ ಒಳಗೆ ಹೋದವರ ಹೆಸರಷ್ಟೇ ಬೀಳುತ್ತದೋ, ಬಾಗಿಲು ಬಡಿದು ತೆರೆಯದೆ ನಿಂತವರದೂ ಬೀಳುತ್ತದೋ? ಬಡಿದವರದೂ ಬೀಳುತ್ತದೆ, ಯಾವ ಹೆಸರು ಹೇಳಿ ಬಡಿದರು ಎಂಬುದೂ ಬೀಳುತ್ತದೆ ಎಂದಳು ಶ್ವೇತಾ. ಸರೋಜವ್ವನ ಮುಖ ಅರಳಿತು.

“ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ ತಂಗಿ? ಸೋಮವಾರ ನನ್ನ ವಿಚಾರಣಿ ಮೀಟಿಂಗಿಗೆ ಆ ಪಟ್ಟಿ ತಗೊಂಡ ಬಾ. ಮತ್ತೇನೂ ಮಾಡೂದು ಬ್ಯಾಡ.”

ಶನಿವಾರ ಹತ್ತೊಂಬತ್ತು ಮಂದಿಗೂ ಅಂಟು ಹಾಕಿದ ಚೀಟಿ ಕೊಟ್ಟರು. ಸೋಮವಾರದಿಂದ ಅವರವರ ಹೆಸರು, ಅವರವರ ಪಾಸ್‌ವರ್ಡ್ ಎಂದು ಸಾರಿ ಹೇಳಿ ಸಹಿ ತೆಗೆದುಕೊಂಡರು. ಸರೋಜವ್ವ ತನ್ನ ಹೆಸರಿಗೆ ಹೊಸ ಪಾಸ್‌ವರ್ಡ್ ಹಾಕಿಕೊಂಡಳು. ಆಮೇಲೆ ಫೋನನ್ನು ಕೈಗೆತ್ತಿಕೊಂಡಳು, ನನ್ನ ಕಡೆ ಒಮ್ಮೆ ನೋಡಿದಳು, ಫೋನನ್ನು ಚೀಲದೊಳಗೆ ಹಾಕಿ ಮನೆಗೆ ಹೋದಳು. ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಮೂರು ಊರಿಗೆ ಸುದ್ದಿ ಮುಟ್ಟಿಸಲಿಲ್ಲ. ಅವಳು ಹೂಡಿದ ಆಟವೆಲ್ಲ ಇಷ್ಟೇ. ನನಗದು ತಿಳಿದದ್ದು ಸೋಮವಾರ.

ಸೋಮವಾರ ಹತ್ತೂವರೆಗೆ ಶಿಗ್ಗಾವಿಯಲ್ಲಿ ಸಭೆ. ಅಧ್ಯಕ್ಷ ನೀಲಪ್ಪನವರು, ಆರು ಮಂದಿ ನಿರ್ದೇಶಕರು, ಲ್ಯಾಪ್‌ಟಾಪ್ ಸಮೇತ ಉಳವಪ್ಪನವರು, ಗೋಡೆಯ ಟಿವಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿಕೊಂಡು ಶ್ವೇತಾ. ಸಹಿ ಮಾಡಿದವರ ಪರವಾಗಿ ಸಾಕ್ಷಿಗೆ ನನ್ನನ್ನು ಕರೆಸಿದ್ದರು. ಸರೋಜವ್ವ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯಲ್ಲಿ ಕುಳಿತವಳೇ ಎರಡೂ ಅಂಗೈ ಮೇಜಿನ ಮೇಲೆ ಇಟ್ಟು, ಅವುಗಳ ಮೇಲೆ ಸ್ವಲ್ಪ ನಿಗಾ ಇಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡಳು. ಇವಳಿಗೆ ಚಿಂತೆಯಲ್ಲಿ ತಲೆ ಕೆಟ್ಟಿತೇನೋ ಎಂದು ನನಗೆ ಗಾಬರಿಯಾಯಿತು.

ಉಳವಪ್ಪನವರು ಆರೋಪ ಓದಿದರು. ನನ್ನನ್ನು ಎಬ್ಬಿಸಿದರು. ಕಾಗದ ತೋರಿಸಿ ಇದು ನಿನ್ನ ಸಹಿಯೇ ಎಂದು ಕೇಳಿದರು. ಹೌದು ಎಂದೆ. ಸಹಿ ನನ್ನದೇ ಆಗಿತ್ತಲ್ಲ. ಸರೋಜವ್ವನ ಕಡೆ ನೋಡುವ ಧೈರ್ಯವಾಗದೆ ಕುಳಿತೆ. ಆಮೇಲೆ ಹೊಸ ವ್ಯವಸ್ಥೆ ತೋರಿಸಲು ಶ್ವೇತಾ ಪಟ್ಟಿಯನ್ನು ಟಿವಿಯ ಮೇಲೆ ಹಾಕಿದಳು. ಕಚೇರಿಗಳು ತೆರೆದು ಅರ್ಧ ತಾಸಾಗಿತ್ತು.

ಹಾನಗಲ್ಲು, ಎರಡನೇ ಟೇಬಲ್, ಸರೋಜಾ, ತಪ್ಪು. ಹಾನಗಲ್ಲು, ಮೂರನೇ ಟೇಬಲ್, ಸರೋಜಾ, ತಪ್ಪು. ಹಿರೇಕೆರೂರು, ಸರೋಜಾ, ತಪ್ಪು. ಸವಣೂರು, ಸರೋಜಾ, ತಪ್ಪು. ಶಿಗ್ಗಾವಿ, ಕೆಳಮಹಡಿ, ಸರೋಜಾ, ತಪ್ಪು, ತಪ್ಪು, ತಪ್ಪು. ನಾವು ನೋಡುತ್ತಿದ್ದಂತೆಯೇ ಒಂದೊಂದು ಸಾಲು ಮೇಲೆ ಸರಿದು ಹೊಸದು ಹುಟ್ಟುತ್ತಿತ್ತು. ನೀಲಪ್ಪನವರು ಕನ್ನಡಕ ಏರಿಸಿಕೊಂಡು, ಈ ಸರೋಜಾ ಯಾರು ಎಂದು ಕೇಳಿದರು.

“ನನ್ನ ಕೈ ಎರಡೂ ನಿಮ್ಮ ಮುಂದ ಅದಾವ್ರಿ ಸಾಹೇಬ್ರ,” ಎಂದಳು ಸರೋಜವ್ವ. “ಹಾನಗಲ್ಲಿನ್ಯಾಗ ಕುಂತಾಕಿ ಯಾರಂತ ನೀವ ಕೇಳ್ರಿ.”

ಕೇಳುವ ಕಷ್ಟ ಬರಲಿಲ್ಲ. ಅವಳ ಫೋನ್ ಬಡಿದುಕೊಂಡಿತು. ಹಾನಗಲ್ಲಿನ ಸುಭಾಸ, ಅಲ್ಲಿನ ಗುಮಾಸ್ತ. ಒಂದು ಬೆರಳಿನಿಂದ ಸ್ಪೀಕರ್ ಒತ್ತಿ ಸರೋಜವ್ವ ಆ ಕೈಯನ್ನು ಮತ್ತೆ ಮೇಜಿನ ಮೇಲಿಟ್ಟಳು.

“ಅಕ್ಕಾರ, ಪಾಸ್‌ವರ್ಡ್ ಬದಲಿ ಮಾಡೀರೇನ್ರಿ? ನಮಗ ಹೇಳೇ ಇಲ್ಲಲ್ರಿ. ಲಗೂನ ಹೇಳ್ರಿ, ಮಂದಿ ಬಂದು ನಿಂತಾರ.”

ನೀಲಪ್ಪನವರು ಫೋನಿನ ಮೇಲೆ ಬಗ್ಗಿ, ಶನಿವಾರ ಕೊಟ್ಟ ಚೀಟಿ ಏನಾಯಿತು ಎಂದು ವಿಚಾರಿಸಿದರು. ಚೀಟಿ ಎಲ್ಲಿಟ್ಟೆನೋ ನೆನಪಿಲ್ಲ, ನಮಗೆಲ್ಲ ಮೊದಲಿನಿಂದಲೂ ಸರೋಜಕ್ಕಾರದ್ದೇ ರೂಢಿ ಎಂದ ಸುಭಾಸ. ಆಮೇಲೆ, ಈ ಗಂಡುದನಿ ಯಾರದು ಎಂದು ಕೇಳಿದ. ಅಧ್ಯಕ್ಷರು ಹೆಸರು ಹೇಳಿದರು. ಫೋನ್ ಕಟ್ಟಾಯಿತು. ಸುಭಾಸನೂ ಆ ಹದಿನೆಂಟರಲ್ಲಿ ಒಬ್ಬ.

ಉಳವಪ್ಪನವರು ಎದ್ದು ನಿಂತರು. ಅದು ಹಾನಗಲ್ಲಿನವರ ಅಶಿಸ್ತು, ಅದಕ್ಕೆ ಬೇರೆ ಕ್ರಮ ಜರುಗಿಸೋಣ, ಮುಖ್ಯ ಕಚೇರಿಯಲ್ಲಿ ಅಂಥದ್ದು ನಡೆಯುವುದಿಲ್ಲ, ತಾನಂತೂ ಇವಳ ಹೆಸರನ್ನು ಮುಟ್ಟಿದವನೇ ಅಲ್ಲ ಎಂದರು. ಹಾಗಾದರೆ ಆ ತೊಂಬತ್ತೊಂದನ್ನು ತೋರಿಸಿರಿ, ಒಮ್ಮೆ ಕಣ್ಣಾರೆ ನೋಡೋಣ ಎಂದರು ನೀಲಪ್ಪನವರು. ಶ್ವೇತಾ ಟಿವಿಯ ತಂತಿ ಕಿತ್ತು ಉಳವಪ್ಪನವರ ಲ್ಯಾಪ್‌ಟಾಪಿಗೆ ಚುಚ್ಚಿದಳು. ಅವರು ಸಿಟ್ಟಿನಲ್ಲಿದ್ದರು. ನಮ್ಮ ಕಡೆ ಮುಖ ಮಾಡಿ ಬೈಯುತ್ತಲೇ ಟಪಟಪನೆ ಹೊಡೆದರು. ಬೆರಳುಗಳಿಗೆ ಹತ್ತು ವರ್ಷದ ಅಭ್ಯಾಸ, ಅವು ಯಾರನ್ನು ಕೇಳುತ್ತವೆ?

ಗೋಡೆಯ ಮೇಲೆ ಒಂದು ಮಾರು ಅಗಲದಲ್ಲಿ ಮೂಡಿತು, ಸರೋಜಾ. ಅದರ ಕೆಳಗೆ ಸಾಲಾಗಿ ಚುಕ್ಕಿಗಳು. ತಪ್ಪು ಎಂದಿತು ಯಂತ್ರ. ಉಳವಪ್ಪನವರು ಇನ್ನೂ ತಿರುಗಿ ನೋಡಿರಲಿಲ್ಲ. ಗುಂಡಿ ಸರಿಯಾಗಿ ಒತ್ತಿಲ್ಲವೆಂದುಕೊಂಡು ಎರಡನೇ ಸಲ ಹೊಡೆದರು. ಸರೋಜವ್ವನ ಕಣ್ಣು ಗೋಡೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೋಯಿತು. ಮೊಳಕೆ ಎಣಿಸುವಾಗ ಅವಳು ಹಾಗೆಯೇ ನೋಡುವುದು.

“ಹನ್ನೊಂದು ಚುಕ್ಕಿ. ಶನಿವಾರದ ತನಕಾ ನಂದೂ ಹನ್ನೊಂದ ಇತ್ರಿ ಸಾಹೇಬ್ರ.”

ಉಳವಪ್ಪನವರು ತಿರುಗಿ ಗೋಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವರು ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಸಭೆಗೆ ಬಂದಿದ್ದರು. ಶ್ವೇತಾ ತನ್ನ ಪಟ್ಟಿಯಲ್ಲಿ ಆಗ ತಾನೇ ಹುಟ್ಟಿದ ಎರಡು ಸಾಲನ್ನು ತಣ್ಣಗೆ ಓದಿದಳು. ಶಿಗ್ಗಾವಿ, ಸಭಾ ಕೋಣೆ, ಕಾರ್ಯದರ್ಶಿಯ ಲ್ಯಾಪ್‌ಟಾಪ್, ಸರೋಜಾ, ತಪ್ಪು. ಮತ್ತೊಮ್ಮೆ ತಪ್ಪು.

ಆಗ ನಾನು ಎದ್ದೆ. ಹದಿನೆಂಟೂ ಸಹಿ ಸುಳ್ಳು, ನನ್ನದೂ ಸುಳ್ಳು, ಪಾಸ್‌ವರ್ಡ್ ನನ್ನ ತಂಬಾಕಿನ ಡಬ್ಬಿಯಲ್ಲಿದೆ ಎಂದು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಅವಳು ಗೆದ್ದ ಮೇಲೆ ಬಂದ ಧೈರ್ಯ ಅದು, ಅರ್ಧ ತಾಸು ಮೊದಲು ಬಂದಿದ್ದರೆ ನನ್ನನ್ನು ನಾನು ಮೆಚ್ಚಿಕೊಳ್ಳುತ್ತಿದ್ದೆ.

ನೀಲಪ್ಪನವರು ಉಳವಪ್ಪನವರ ಕಪಾಟು ತೆರೆಸಿದರು. ಮೂರನೇ ಫೈಲಿನಲ್ಲಿ ಕಾಗದ ಸಿಕ್ಕಿತು, ಸರೋಜವ್ವನ ಕೈಬರಹದ ಅರವತ್ತೊಂದು. ಕಂಪ್ಯೂಟರಿನ ಗುಂಡಿಗಳಲ್ಲಿ ಆರರ ತಲೆಯ ಮೇಲೆಯೇ ಒಂಬತ್ತು ಕುಳಿತಿರುತ್ತದೆ. ಅವಸರದಲ್ಲಿ ಬೆರಳು ಒಂದು ಮನೆ ಮೇಲಕ್ಕೆ ಬಿದ್ದಿತ್ತು, ಅಷ್ಟೇ. ಹೊಲ ಬೋಳಾದ ಮೇಲೆ ತಮ್ಮ ತಪ್ಪು ಹೊಳೆಯಿತು, ಬಾಯಿ ಬರಲಿಲ್ಲ ಎಂದರು ಉಳವಪ್ಪನವರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಬರಲಿಲ್ಲ. ಬೆರಳು ಯಾರದಾದರೂ ತಪ್ಪುತ್ತದೆ, ಅದನ್ನು ಒಬ್ಬ ಬಡವಿಯ ತಲೆಗೆ ಕಟ್ಟುವುದು ಬೆರಳಿನ ತಪ್ಪಲ್ಲ. ನಿರ್ದೇಶಕರು ಅವರಿಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು, ನಮಗೆ ಹದಿನೆಂಟೂ ಮಂದಿಗೆ ಬಾಯ್ತುಂಬ ಬೈದರು, ಸರೋಜವ್ವನ ಕಾಯಂ ಆದೇಶಕ್ಕೆ ಅದೇ ಮೇಜಿನ ಮೇಲೆ ಸಹಿ ಹಾಕಿದರು.

ಸವಣೂರಿಗೆ ಮರಳುವ ಬಸ್ಸಿನಲ್ಲಿ ನಾನು ಮೂರು ಹಳ್ಳಿ ದಾಟುವ ತನಕ ಮಾತು ಹುಡುಕಿದೆ. ಕಡೆಗೆ ತಪ್ಪಾಯಿತು ಸರೋಜವ್ವ ಎಂದೆ. ಅವಳು ಚೀಲದಿಂದ ಖಾರಾದ ಪೊಟ್ಟಣ ತೆಗೆದಳು.

“ಗೊತ್ತೈತಿ ಬಿಡಣ್ಣ. ಅವತ್ತ ನೀ ಖಾರಾ ಬಿಟ್ಟ ಎದ್ದಿ ನೋಡು, ಅವಾಗ ತಿಳೀತು.”

ಶ್ವೇತಾ ಹೋಗುವಾಗ ಒಂದು ಕೆಲಸ ಅವಳಿಗೆ ಕಲಿಸಿಕೊಟ್ಟು ಹೋದಳು. ಈಗ ನಾಲ್ಕೂ ಊರಿನಲ್ಲಿ ಯಾರೇ ಪಾಸ್‌ವರ್ಡ್ ಮರೆತರೂ ಸರೋಜವ್ವನಿಗೇ ಫೋನ್ ಮಾಡಬೇಕು, ಅವಳು ಹೊಸದು ಹಾಕಿಕೊಡಬೇಕು. ಕೇಳುವವರು ಯಾರೆಂದು ಖಾತ್ರಿ ಮಾಡಿಕೊಳ್ಳದೆ ಕೊಡಕೂಡದು ಎಂಬುದು ನಿಯಮ. ನಾನು ಎದುರಿನ ಮೇಜಿನಲ್ಲೇ ಇರುವವನು, ನನ್ನನ್ನೂ ಹೆಸರು ಕೇಳದೆ ಬಿಡಲಿಲ್ಲ. 

ಹದಿನೈದು ದಿನದ ನಂತರ ಒಂದು ಬೆಳಿಗ್ಗೆ ಶಿಗ್ಗಾವಿಯಿಂದ ಫೋನ್ ಬಂತು. ಸರೋಜವ್ವ ಸ್ಪೀಕರ್ ಒತ್ತಿದಳು, ದನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಪಾಸ್‌ವರ್ಡ್ ಮರೆತುಹೋಗಿದೆ ಎಂದಿತು ದನಿ. ಯಾರು ಮಾತಾಡುವುದೆಂದು ಸರೋಜವ್ವ ಬಹಳ ಮರ್ಯಾದೆಯಿಂದ ಕೇಳಿದಳು. ನಾನು ಎಂದಿತು.

“ನಾನು ಅಂದ್ರ ಯಾರ್ರೀ? ಹತ್ತ ವರ್ಷ ನಾಕೂ ಊರಾಗ ನಾನು ಅಂದ್ರ ನಾನ ಇದ್ದೆ.”

ಆಮೇಲೆ ಕಾರ್ಯದರ್ಶಿಗಳು ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲವನ್ನೂ ಹೇಳಿದರು. ಸರೋಜವ್ವ ಎಲೆಯ ತೊಟ್ಟು ಮುರಿಯುತ್ತ, ಲೈನ್ ಸರಿಯಿಲ್ಲ, ಇನ್ನೊಮ್ಮೆ ಜೋರಾಗಿ ಹೇಳಿರಿ ಎಂದಳು.